ಸಂಘದ ಗಣಕಯಂತ್ರಕ್ಕೂ ಒಂದು ದಿನಚರಿ ಬೇಕು

— ಪಶುವೈದ್ಯ ವಿಸ್ತರಣಾಧಿಕಾರಿ, ದೇವದುರ್ಗ



ಈ ಪತ್ರಿಕೆಯಲ್ಲಿ ನಾನು ಸಾಮಾನ್ಯವಾಗಿ ಕೆಚ್ಚಲು ಬಾವು, ಜಂತುನಾಶಕ, ಹಸಿರು ಮೇವು ಇಂತಹ ವಿಷಯಗಳನ್ನು ಬರೆಯುತ್ತೇನೆ. ಈ ಸಲ ಸಂಘದ ಗಣಕಯಂತ್ರದ ಬಗ್ಗೆ ಬರೆಯುತ್ತಿದ್ದೇನೆ. ‘ದನದ ಡಾಕ್ಟರಿಗೆ ಗಣಕಯಂತ್ರದ ಉಸಾಬರಿ ಏಕೆ?’ ಎಂದು ಕೆಲವರು ಕೇಳಬಹುದು. ಅದಕ್ಕೆ ಕಾರಣವಿದೆ. ಆ ಯಂತ್ರದಲ್ಲಿ ನಿಮ್ಮ ಹಾಲಿನ ಲೆಕ್ಕವಿದೆ, ನಿಮ್ಮ ಆಕಳು ಎಮ್ಮೆಗಳ ಲೆಕ್ಕವೂ ಇದೆ. ಎರಡೂ ಒಂದೇ ರಾತ್ರಿ ಅಳಿಸಿಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ತಾಲ್ಲೂಕಿನ ಒಂದು ಸಂಘ. ಹೆಸರು ಬೇಡ. ಅಲ್ಲಿನ ಗಣಕಯಂತ್ರ ಹಳೆಯದು. ಊರಿನ ಓದಿದ ಹುಡುಗನೊಬ್ಬ ಅದಕ್ಕೆ ಲಿನಕ್ಸ್ ಹಾಕಿ ಚಾಲೂ ಮಾಡಿಕೊಟ್ಟಿದ್ದ. ಹಾಲಿನ ಲೆಕ್ಕದ ಜೊತೆಗೆ ಕೃತಕ ಗರ್ಭಧಾರಣೆ ಮಾಡಿಸಿದ ರಾಸುಗಳ ಪಟ್ಟಿಯನ್ನೂ ಅದರಲ್ಲೇ ಇಡಲು ನಾನು ಹೇಳಿದೆ. ಎಲ್ಲ ಲೆಕ್ಕದ ನಕಲು ಪ್ರತಿ ರಾತ್ರಿ 11 ಗಂಟೆಗೆ ತಾನಾಗಿಯೇ ಪೆನ್‌ಡ್ರೈವ್‌ಗೆ ಹೋಗುವಂತೆ ಇಬ್ಬರೂ ಕೂತು ಏರ್ಪಾಡು ಮಾಡಿದೆವು. ‘ಇನ್ನು ಚಿಂತೆ ಇಲ್ಲ’ ಎಂದುಕೊಂಡೆವು. ಆದರೆ ಕಾರ್ಯದರ್ಶಿಯವರು ಸಂಜೆಯ ಹಾಲಿನ ಗಾಡಿ ಹೋದ ಮೇಲೆ, 8 ಗಂಟೆಗೆಲ್ಲ ಯಂತ್ರ ಆರಿಸಿ ಬೀಗ ಹಾಕುತ್ತಿದ್ದರು. ಅದು ಸರಿಯಾದ ಅಭ್ಯಾಸವೇ. 11 ಗಂಟೆಗೆ ಆ ಕೋಣೆಯಲ್ಲಿ ಎಚ್ಚರವಿದ್ದದ್ದು ಹಲ್ಲಿ ಮಾತ್ರ. ದಸರೆಯಿಂದ ಯುಗಾದಿಯವರೆಗೆ ಒಂದು ದಿನವೂ ನಕಲು ಆಗಿರಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಯಾರೂ ನೋಡಿರಲಿಲ್ಲ. ಯುಗಾದಿಯ ನಂತರದ ಒಂದು ಗಾಳಿ ಮಳೆಯ ಸಂಜೆ ವಿದ್ಯುತ್ ಹೋಗಿ ಬಂದು, ಯಂತ್ರದ ಡಿಸ್ಕ್ ಕೆಟ್ಟುಹೋಯಿತು.

ಹಾಲಿನ ಲೆಕ್ಕವನ್ನು ಸದಸ್ಯರ ಮನೆಯ ಚೀಟಿಗಳಿಂದ ಹೇಗೋ ಕೂಡಿಸಿದರು. ಚೀಟಿ ಎಸೆದಿದ್ದವರು ಜಗಳ ಮಾಡಿದರು. ಗರ್ಭಧಾರಣೆಯ ದಿನಾಂಕಗಳಿಗೆ ಚೀಟಿಯೂ ಇರಲಿಲ್ಲ. ಒಬ್ಬ ತಾಯಿ ತಮ್ಮ ಎಮ್ಮೆ ಗಬ್ಬವಾಗಿದೆ ಎಂದು ನಂಬಿ ತಿಂಗಳುಗಟ್ಟಲೆ ಕಾದರು. ತಪಾಸಣೆಗೆ ಕರೆಸಬೇಕಾದ ದಿನವನ್ನು ನೆನಪಿಸುವ ಪಟ್ಟಿಯೇ ಇರಲಿಲ್ಲ. ಕೊನೆಗೆ ನಾನು ಕೈಹಾಕಿ ನೋಡಿದಾಗ ಎಮ್ಮೆ ಖಾಲಿ ಇತ್ತು. ಆ ಮನೆಗೆ ಆದ ನಷ್ಟದಲ್ಲಿ ನನ್ನ ತಪ್ಪೂ ಇದೆ. ‘ಯಂತ್ರವನ್ನು ಎಷ್ಟು ಹೊತ್ತಿಗೆ ಆರಿಸುತ್ತೀರಿ?’ ಎಂಬ ಒಂದು ಪ್ರಶ್ನೆಯನ್ನು ನಾನು ಕೇಳಲಿಲ್ಲ.

ಆದ್ದರಿಂದ ಗಣಕಯಂತ್ರಕ್ಕೆ ದಿನನಿತ್ಯದ ಕೆಲಸವನ್ನು ಒಪ್ಪಿಸುವುದು ಹೇಗೆ, ಒಪ್ಪಿಸಿದ ಮೇಲೆ ನಾವು ಏನು ನೋಡಿಕೊಳ್ಳಬೇಕು ಎಂಬುದನ್ನು ಇಲ್ಲಿ ತಿಳಿಸುತ್ತೇನೆ. ಯಂತ್ರ ಮುಟ್ಟದ ಸದಸ್ಯರೂ ಇದನ್ನು ಓದಬೇಕು. ಲೆಕ್ಕ ನಿಮ್ಮದು.

ಯಂತ್ರದಲ್ಲಿ ಇರುವುದೇನು?

ಹಿಂದೆ ಸಂಘಗಳಲ್ಲಿ ಹಾಲನ್ನು ಅಳತೆಯ ಪಾತ್ರೆಯಿಂದ ಅಳೆದು, ಗರ್ಬರ್ ವಿಧಾನದಲ್ಲಿ ಆಮ್ಲ ಹಾಕಿ, ಗಾಜಿನ ನಳಿಕೆ ತಿರುಗಿಸಿ ಕೊಬ್ಬಿನಾಂಶ ನೋಡುತ್ತಿದ್ದರು. ಲೆಕ್ಕವೆಲ್ಲ ದಪ್ಪ ರಿಜಿಸ್ಟರಿನಲ್ಲಿ ಇರುತ್ತಿತ್ತು. ಈಗ ಬಹಳ ಸಂಘಗಳಲ್ಲಿ ತೂಕದ ಯಂತ್ರ, ಹಾಲು ಪರೀಕ್ಷಾ ಯಂತ್ರ ಎರಡೂ ಗಣಕಯಂತ್ರಕ್ಕೆ ಜೋಡಣೆಯಾಗಿವೆ. ಹಾಲು ಸುರಿದ ಕೂಡಲೇ ತೂಕ, ಕೊಬ್ಬು, ಎಸ್‌ಎನ್‌ಎಫ್, ದರ, ಹಣ ಎಲ್ಲವೂ ಚೀಟಿಯಲ್ಲಿ ಬರುತ್ತವೆ. ಸರ್ಕಾರವು 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭಿಸಿದ ಪ್ರೋತ್ಸಾಹಧನವು 2013ರಲ್ಲಿ 4 ರೂಪಾಯಿ, 2016ರಲ್ಲಿ 5 ರೂಪಾಯಿ ಆಯಿತು. ನೀವು ಸಂಘಕ್ಕೆ ಹಾಕಿದ ಲೀಟರುಗಳ ಲೆಕ್ಕವೇ ಅದಕ್ಕೂ ಆಧಾರ. ಲೆಕ್ಕ ಅಳಿದರೆ ಹಾಲಿನ ಹಣಕ್ಕೂ ತೊಂದರೆ, ಪ್ರೋತ್ಸಾಹಧನಕ್ಕೂ ತೊಂದರೆ.

ಲಿನಕ್ಸ್ ಎಂದರೇನು?

ಗಣಕಯಂತ್ರ ಕೆಲಸ ಮಾಡಲು ಒಂದು ಮೂಲ ತಂತ್ರಾಂಶ ಬೇಕು. ವಿಂಡೋಸ್ ಅಂತಹ ಒಂದು ತಂತ್ರಾಂಶ, ಲಿನಕ್ಸ್ ಇನ್ನೊಂದು. ಇದರ ತಿರುಳನ್ನು 1991ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಬರೆದು, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಬಿಟ್ಟುಕೊಟ್ಟ. ಆ ಮೇಲೆ ಜಗತ್ತಿನ ಸಾವಿರಾರು ಜನ ತಮ್ಮ ತಮ್ಮ ಪಾಲಿನ ಕೆಲಸ ಸೇರಿಸಿದರು. ಮನೆಮನೆಯ ಎರಡು ಲೀಟರ್ ಹಾಲು ಕೂಡಿ ಟ್ಯಾಂಕರ್ ತುಂಬುವಂತೆ ಅದು ಬೆಳೆಯಿತು. ಇದಕ್ಕೆ ಪರವಾನಗಿ ಶುಲ್ಕ ಕೊಡಬೇಕಾಗಿಲ್ಲ, ಹಳೆಯ ಯಂತ್ರದಲ್ಲೂ ನಡೆಯುತ್ತದೆ. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್‌ನ ತಿರುಳೇ.

ಗಂಟೆ ಹೊಡೆಯುವ ಜವಾನ: ಕ್ರಾನ್

ಶಾಲೆಯಲ್ಲಿ ಗಂಟೆ ಹೊಡೆಯುವ ಜವಾನನನ್ನು ನೀವು ನೋಡಿದ್ದೀರಿ. ಗೋಡೆಗೆ ವೇಳಾಪಟ್ಟಿ ಅಂಟಿಸಿರುತ್ತಾರೆ. ಅವನು ಗಡಿಯಾರ ನೋಡುತ್ತಾನೆ, ಪಟ್ಟಿ ನೋಡುತ್ತಾನೆ, ಹೊತ್ತಾದರೆ ಗಂಟೆ ಹೊಡೆಯುತ್ತಾನೆ. ಲಿನಕ್ಸ್ ಯಂತ್ರದ ಒಳಗೂ ಇಂತಹ ಒಬ್ಬ ಜವಾನನಿದ್ದಾನೆ. ಅವನ ಹೆಸರು ‘ಕ್ರಾನ್’. ಪ್ರತಿ ನಿಮಿಷಕ್ಕೊಮ್ಮೆ ಎದ್ದು ಪಟ್ಟಿ ನೋಡುತ್ತಾನೆ. ಆ ನಿಮಿಷಕ್ಕೆ ಬರೆದ ಕೆಲಸವಿದ್ದರೆ ಮಾಡುತ್ತಾನೆ, ಇಲ್ಲದಿದ್ದರೆ ಮತ್ತೆ ಮಲಗುತ್ತಾನೆ. ಇದು ಹೊಸ ಸಂಗತಿಯಲ್ಲ. ಲಿನಕ್ಸ್‌ಗಿಂತ ಮೊದಲಿನ ಯೂನಿಕ್ಸ್ ಎಂಬ ತಂತ್ರಾಂಶದ 1979ರ ಆವೃತ್ತಿಯಲ್ಲಿಯೇ ಕ್ರಾನ್ ಇತ್ತು. 1987ರಲ್ಲಿ ಪಾಲ್ ವಿಕ್ಸಿ ಎಂಬುವರು ಅದನ್ನು ಹೊಸದಾಗಿ ಬರೆದರು. ಇಂದು ಅನೇಕ ಲಿನಕ್ಸ್ ಯಂತ್ರಗಳಲ್ಲಿ ಇರುವುದು ಅದರ ಸಂತತಿಯೇ.

ಆ ವೇಳಾಪಟ್ಟಿಗೆ ‘ಕ್ರಾನ್‌ಟ್ಯಾಬ್’ ಎನ್ನುತ್ತಾರೆ. ಯಂತ್ರದ ಟರ್ಮಿನಲ್ ಎಂಬ ಕಿಟಕಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಕ್ರಾನ್‌ಟ್ಯಾಬ್ -ಇ’ ಎಂದು ಟೈಪ್ ಮಾಡಿದರೆ ಪಟ್ಟಿಯನ್ನು ತಿದ್ದಬಹುದು. ‘-ಎಲ್’ ಎಂದರೆ ಪಟ್ಟಿಯನ್ನು ಓದಬಹುದು. ಎಚ್ಚರಿಕೆ: ‘-ಆರ್’ ಎಂದರೆ ಇಡೀ ಪಟ್ಟಿಯೇ ಅಳಿಸಿಹೋಗುತ್ತದೆ, ಸಾಮಾನ್ಯವಾಗಿ ‘ಅಳಿಸಲೇ?’ ಎಂದು ಕೇಳುವುದೂ ಇಲ್ಲ. ಕೀಲಿಮಣೆಯಲ್ಲಿ ‘ಇ’ ಮತ್ತು ‘ಆರ್’ ಅಕ್ಷರಗಳು ಅಕ್ಕಪಕ್ಕದಲ್ಲಿವೆ. ಆದ್ದರಿಂದ ಪಟ್ಟಿಯನ್ನು ಒಂದು ಕಾಗದದ ಮೇಲೆ ಬರೆದು ಸಂಘದ ಗೋಡೆಗೆ ಅಂಟಿಸಿಡಿ.

ಐದು ಮನೆಗಳ ಲೆಕ್ಕ

ಪಟ್ಟಿಯ ಪ್ರತಿ ಸಾಲಿನಲ್ಲಿ ಮೊದಲು ಐದು ಮನೆಗಳು, ಅನಂತರ ಮಾಡಬೇಕಾದ ಕೆಲಸ. ಎಡದಿಂದ ಓದಿರಿ:

1. ನಿಮಿಷ (0ರಿಂದ 59)
2. ಗಂಟೆ (0ರಿಂದ 23; ಸಂಜೆ 7 ಎಂದರೆ 19)
3. ತಿಂಗಳ ದಿನಾಂಕ (1ರಿಂದ 31)
4. ತಿಂಗಳು (1ರಿಂದ 12)
5. ವಾರ (ಭಾನುವಾರ 0, ಸೋಮವಾರ 1, ಹೀಗೆ ಶನಿವಾರ 6)

ಯಾವ ಮನೆಯಲ್ಲಿ ನಕ್ಷತ್ರದ ಗುರುತು ಇದೆಯೋ ಅಲ್ಲಿ ‘ಎಲ್ಲವೂ’ ಎಂದು ಅರ್ಥ. ಕೆಲವು ಉದಾಹರಣೆಗಳು:

45 19 * * *
ಪ್ರತಿದಿನ ಸಂಜೆ 7 ಗಂಟೆ 45 ನಿಮಿಷಕ್ಕೆ. ದಿನದ ಲೆಕ್ಕದ ನಕಲಿಗೆ.

0 9 * * 1
ಪ್ರತಿ ಸೋಮವಾರ ಬೆಳಿಗ್ಗೆ 9 ಗಂಟೆಗೆ. ವಾರದ ವರದಿಗೆ.

0 10 25 5 *
ಪ್ರತಿ ವರ್ಷ ಮೇ 25ರಂದು ಬೆಳಿಗ್ಗೆ 10 ಗಂಟೆಗೆ. ಮುಂಗಾರಿಗೆ ಮುನ್ನ ಗಳಲೆ ರೋಗ, ಚಪ್ಪೆ ಬೇನೆಯ ಲಸಿಕೆ ಹಾಕಿಸಿರಿ ಎಂಬ ಸೂಚನಾ ಪತ್ರ ಅಚ್ಚಾಗಲು.

ನೋಡಲು ಸುಲಭ. ಆದರೆ ‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು’ ಎನ್ನುವವನಂತೆ ಕ್ರಾನ್ ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತಾನೆ. ಎತ್ತು ಈಯುವುದಿಲ್ಲವಲ್ಲ ಎಂದು ಯೋಚಿಸುವುದಿಲ್ಲ. ಸಾಮಾನ್ಯವಾಗಿ ಆಗುವ ತಪ್ಪುಗಳು ಇವು:

ಒಂದನೆಯದು, ನಿಮಿಷದ ಮನೆಯಲ್ಲಿ ನಕ್ಷತ್ರ ಹಾಕಿ ಗಂಟೆಯ ಮನೆಯಲ್ಲಿ 19 ಎಂದು ಬರೆಯುವುದು. ಆಗ 7 ಗಂಟೆಗೆ ಒಂದು ಸಲವಲ್ಲ, 7ರಿಂದ 8ರವರೆಗೆ ನಿಮಿಷಕ್ಕೊಂದರಂತೆ 60 ಸಲ ಕೆಲಸ ನಡೆಯುತ್ತದೆ. ಸದಸ್ಯರ ಫೋನಿಗೆ ಸಂದೇಶ ಕಳುಹಿಸುವ ಕೆಲಸವಾದರೆ 60 ಸಂದೇಶಗಳು.

ಎರಡನೆಯದು, ದಿನಾಂಕ ಮತ್ತು ವಾರ ಎರಡನ್ನೂ ತುಂಬುವುದು. ದಿನಾಂಕ 1, ವಾರ ಸೋಮವಾರ ಎಂದು ಬರೆದರೆ ‘1ನೇ ತಾರೀಖು ಸೋಮವಾರ ಬಂದಾಗ ಮಾತ್ರ’ ಎಂದು ನಾವು ತಿಳಿಯುತ್ತೇವೆ. ಕ್ರಾನ್ ಹಾಗೆ ತಿಳಿಯುವುದಿಲ್ಲ. ಪ್ರತಿ 1ನೇ ತಾರೀಖೂ ಮಾಡುತ್ತಾನೆ, ಪ್ರತಿ ಸೋಮವಾರವೂ ಮಾಡುತ್ತಾನೆ.

ಮೂರನೆಯದು, ಕೆಲಸದ ವಿಳಾಸವನ್ನು ಅರ್ಧ ಬರೆಯುವುದು. ನೀವು ಯಂತ್ರದ ಮುಂದೆ ಕೂತು ಮಾಡಿಸಿದಾಗ ನಡೆದ ಕೆಲಸ ಕ್ರಾನ್ ಮಾಡಿದಾಗ ನಡೆಯದಿರಬಹುದು. ಕಡತ ಎಲ್ಲಿದೆ ಎಂಬುದು ನಿಮಗೆ ತಿಳಿದಷ್ಟು ಅವನಿಗೆ ತಿಳಿದಿರುವುದಿಲ್ಲ. ತಾಲ್ಲೂಕು, ಊರು, ಓಣಿ, ಮನೆ ಎಂದು ಪೂರ್ತಿ ವಿಳಾಸ ಬರೆದರೆ ಪತ್ರ ಮುಟ್ಟುವಂತೆ, ಕಡತದ ಪೂರ್ತಿ ದಾರಿಯನ್ನು ಬರೆಯಬೇಕು.

ನಾಲ್ಕನೆಯದು, ಗಡಿಯಾರ. ಯಂತ್ರದ ಒಳಗಿನ ಚಿಕ್ಕ ಬ್ಯಾಟರಿ ಸತ್ತರೆ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತದೆ. ಇನ್ನು ಕೆಲವು ಯಂತ್ರಗಳಲ್ಲಿ ಭಾರತದ ಸಮಯದ ಬದಲು ಜಾಗತಿಕ ಸಮಯ ಇರುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆಗ ರಾತ್ರಿ 8 ಗಂಟೆ 30 ನಿಮಿಷಕ್ಕೆ ಎಂದು ಬರೆದ ಕೆಲಸ ನಮ್ಮ ಗಡಿಯಾರದಲ್ಲಿ ಬೆಳಗಿನ ಜಾವ 2 ಗಂಟೆಗೆ ನಡೆಯುತ್ತದೆ. ಹಾಲಿನ ಚೀಟಿಯ ಮೇಲಿನ ದಿನಾಂಕ, ಸಮಯ ಸರಿ ಇದೆಯೇ ಎಂದು ಸದಸ್ಯರೇ ನೋಡಬಹುದು. ತಪ್ಪಿದ್ದರೆ ಅಲ್ಲೇ ಹೇಳಿರಿ.

ಯಂತ್ರದ ಪಂಚಾಂಗ, ಆಕಳ ಪಂಚಾಂಗ

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಗಬ್ಬವಾಗದ ಆಕಳು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಒಂದು ಬೆದೆ ತಪ್ಪಿದರೆ 21 ದಿನ ಕಾಯಬೇಕು. ಆ 21 ದಿನ ಮೇವು, ಹಿಂಡಿ, ನೀರು, ದುಡಿಮೆ ಎಲ್ಲವೂ ಖರ್ಚು. ಕರು ತಡ, ಮುಂದಿನ ಹಾಲೂ ತಡ. ಹಾಗಾದರೆ ಗರ್ಭಧಾರಣೆ ಮಾಡಿಸಿದ ರಾಸುಗಳನ್ನು 21ನೇ ದಿನಕ್ಕೆ ನೋಡಿರಿ ಎಂದು ಯಂತ್ರವೇ ನೆನಪಿಸಲಿ ಎಂದು ಯಾರಿಗಾದರೂ ಅನ್ನಿಸುತ್ತದೆ.

ನಮ್ಮ ಹುಡುಗ ದಿನಾಂಕದ ಮನೆಯಲ್ಲಿ ‘*/21’ ಎಂದು ಬರೆದಿದ್ದ. ‘21 ದಿನಕ್ಕೊಮ್ಮೆ’ ಎಂದು ಅವನ ಲೆಕ್ಕ. ಅದು ತಪ್ಪು. ಕ್ರಾನ್ ದಿನಗಳನ್ನು ಎಣಿಸುವುದಿಲ್ಲ, ತಾರೀಖನ್ನು ನೋಡುತ್ತಾನೆ ಅಷ್ಟೆ. ಹಾಗೆ ಬರೆದರೆ ಪ್ರತಿ ತಿಂಗಳ 1 ಮತ್ತು 22ನೇ ತಾರೀಖಿಗೆ ಕೆಲಸ ನಡೆಯುತ್ತದೆ. 22 ಆದ ಮೇಲೆ 9 ಅಥವಾ 10 ದಿನಕ್ಕೇ ಮತ್ತೆ 1ನೇ ತಾರೀಖು. ಫೆಬ್ರವರಿಯಲ್ಲಿ ಇನ್ನೂ ಬೇಗ. ಜನವರಿ 5ರಂದು ಗರ್ಭಧಾರಣೆ ಮಾಡಿಸಿದ ಆಕಳು ಗಬ್ಬ ನಿಲ್ಲದಿದ್ದರೆ ಜನವರಿ 26ರ ಸುಮಾರಿಗೆ ಬೆದೆಗೆ ಬರುತ್ತದೆ, ಆಗಲೂ ತಪ್ಪಿದರೆ ಫೆಬ್ರವರಿ 16ರ ಸುಮಾರಿಗೆ. ಯಂತ್ರ 22ಕ್ಕೆ ಕೂಗುತ್ತದೆ, 1ಕ್ಕೆ ಕೂಗುತ್ತದೆ. ಎರಡೂ ಆ ಆಕಳಿಗೆ ಸಂಬಂಧವಿಲ್ಲದ ದಿನಗಳು. ಯಂತ್ರದ ಪಂಚಾಂಗ ತಿಂಗಳಿಗೊಮ್ಮೆ ಹೊಸದಾಗುತ್ತದೆ. ಆಕಳ ಪಂಚಾಂಗ ಅದು ಬೆದೆಗೆ ಬಂದ ದಿನದಿಂದ ಶುರುವಾಗುತ್ತದೆ. ಊರಿನ 50 ಆಕಳಿಗೆ 50 ಪಂಚಾಂಗ.

ಪರಿಹಾರ ಸರಳವಾಗಿದೆ. 21 ದಿನದ ಕೆಲಸವನ್ನು ಕ್ರಾನ್‌ಗೆ ಒಪ್ಪಿಸಬೇಡಿ. ದಿನನಿತ್ಯದ ಒಂದು ಕೆಲಸವನ್ನು ಒಪ್ಪಿಸಿರಿ. ಪ್ರತಿದಿನ ಬೆಳಿಗ್ಗೆ ಒಂದು ಚಿಕ್ಕ ತಂತ್ರಾಂಶ ಇಡೀ ಪಟ್ಟಿಯನ್ನು ಓದಲಿ. ಇಂದಿನ ದಿನಾಂಕದಿಂದ ಗರ್ಭಧಾರಣೆಯ ದಿನಾಂಕವನ್ನು ಕಳೆಯಲಿ. ಉತ್ತರ ಎಷ್ಟು ಬಂತು ಎಂಬುದರ ಮೇಲೆ ಹೆಸರುಗಳನ್ನು ಹೀಗೆ ಅಚ್ಚು ಹಾಕಲಿ:

18ರಿಂದ 24 ದಿನ: ಬೆದೆಯ ಲಕ್ಷಣಕ್ಕಾಗಿ ಗಮನಿಸಬೇಕಾದ ರಾಸುಗಳು.

60ರಿಂದ 90 ದಿನ: ಗರ್ಭ ತಪಾಸಣೆ ಮಾಡಿಸಬೇಕಾದ ರಾಸುಗಳು.

ಸುಮಾರು 220 ದಿನ (ಆಕಳು), 250 ದಿನ (ಎಮ್ಮೆ): ಹಾಲು ಬತ್ತಿಸಬೇಕಾದ ರಾಸುಗಳು. ಈಯುವ ಮುನ್ನ 60 ದಿನ ಕೆಚ್ಚಲಿಗೆ ವಿಶ್ರಾಂತಿ ಬೇಕು.

ಸುಮಾರು 280 ದಿನ (ಆಕಳು), 310 ದಿನ (ಎಮ್ಮೆ): ಈಯುವ ದಿನ ಹತ್ತಿರ ಬಂದ ರಾಸುಗಳು.

ಮೇಲಿನ ಆಕಳನ್ನೇ ತೆಗೆದುಕೊಂಡರೆ, ಜನವರಿ 5ರಂದು ಗಬ್ಬ ನಿಂತರೆ ಮಾರ್ಚ್ 6ರಿಂದ ಏಪ್ರಿಲ್ 5ರೊಳಗೆ ತಪಾಸಣೆ, ಆಗಸ್ಟ್ 13ಕ್ಕೆ ಹಾಲು ಬತ್ತಿಸುವುದು, ಅಕ್ಟೋಬರ್ 12ರ ಸುಮಾರಿಗೆ ಕರು. ಅದೇ ದಿನ ಎಮ್ಮೆಗೆ ಮಾಡಿಸಿದ್ದರೆ ನವೆಂಬರ್ 11ರ ಸುಮಾರಿಗೆ ಕರು. (ಫೆಬ್ರವರಿಯಲ್ಲಿ 28 ದಿನ ಇರುವ ವರ್ಷದ ಲೆಕ್ಕ.)

ಇದೇ ಪಟ್ಟಿಯಲ್ಲಿ ಹೆಣ್ಣು ಕರುಗಳ ಹುಟ್ಟಿದ ದಿನವನ್ನೂ ಸೇರಿಸಿರಿ. ಕಂದು ರೋಗದ ಲಸಿಕೆಯನ್ನು ಹೆಣ್ಣು ಕರುವಿಗೆ 4ರಿಂದ 8 ತಿಂಗಳ ವಯಸ್ಸಿನೊಳಗೆ, ಜೀವಮಾನದಲ್ಲಿ ಒಂದೇ ಸಲ ಹಾಕುತ್ತಾರೆ. ಆ ಅವಧಿ ಮೀರಿದರೆ ಮತ್ತೆ ಬರುವುದಿಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪಶು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಇದೂ ಇದೆ, ಆರು ತಿಂಗಳಿಗೊಮ್ಮೆ ಹಾಕುವ ಕಾಲುಬಾಯಿ ಬೇನೆಯ ಲಸಿಕೆಯೂ ಇದೆ. ರಾಸಿನ ಕಿವಿಯೋಲೆಯ 12 ಅಂಕಿಯ ಸಂಖ್ಯೆಯನ್ನೇ ಪಟ್ಟಿಯಲ್ಲಿ ಬರೆಸಿರಿ. ‘ಕೆಂದಾಕಳು’, ‘ಗೌರಿ’ ಎಂಬ ಹೆಸರಿನವು ಪ್ರತಿ ಓಣಿಯಲ್ಲೂ ಇರುತ್ತವೆ.

ಆದರೆ ಒಂದು ಮಾತು. ಯಂತ್ರ ‘ನೋಡಿರಿ’ ಎಂದು ಮಾತ್ರ ಹೇಳುತ್ತದೆ. ನೋಡಬೇಕಾದವರು ನೀವು. ಅದರಲ್ಲೂ ಎಮ್ಮೆಯ ಬೆದೆ ಮೂಕ. ನಮ್ಮ ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಇನ್ನೂ ಮಂಕಾಗಿರುತ್ತದೆ. ಹಗಲಿನಲ್ಲಿ ಕಾಣದೆ ರಾತ್ರಿ, ಬೆಳಗಿನ ಜಾವದ ತಂಪಿನಲ್ಲಿ ಕಾಣುತ್ತದೆ. ಪಟ್ಟಿಯಲ್ಲಿ ನಿಮ್ಮ ಎಮ್ಮೆಯ ಸಂಖ್ಯೆ ಬಂದ ದಿನಗಳಲ್ಲಿ ನಸುಕಿನಲ್ಲಿ ಒಮ್ಮೆ, ಮಲಗುವ ಮುನ್ನ ಒಮ್ಮೆ ಕೊಟ್ಟಿಗೆಗೆ ಹೋಗಿ ಲೋಳೆ, ಪದೇ ಪದೇ ಗಂಜಲ ಹಾಕುವುದು, ಹಾಲು ಕಡಿಮೆಯಾಗುವುದು ಇವನ್ನು ನೋಡಿರಿ. ಬೆಳಿಗ್ಗೆ ಬೆದೆ ಕಂಡರೆ ಅದೇ ದಿನ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿರಿ.

ಯಂತ್ರ ಆರಿದ್ದರೆ?

ಗಂಟೆ ಹೊಡೆಯುವ ಹೊತ್ತಿಗೆ ಜವಾನ ಊರಲ್ಲಿಲ್ಲದಿದ್ದರೆ ಗಂಟೆ ಆಗುವುದಿಲ್ಲ. ಮರುದಿನ ಬಂದು ನಿನ್ನೆಯ ಗಂಟೆಯನ್ನು ಅವನು ಹೊಡೆಯುವುದೂ ಇಲ್ಲ. ಕ್ರಾನ್ ಕೂಡ ಹಾಗೆಯೇ. ಆ ನಿಮಿಷದಲ್ಲಿ ಯಂತ್ರ ಆರಿದ್ದರೆ ಆ ದಿನದ ಕೆಲಸ ಹೋಯಿತು. ನಮ್ಮ ಸಂಘದಲ್ಲಿ ಆದದ್ದು ಇದೇ. ಹೊಸ ಯಂತ್ರ ತರಬೇಕು, ಲಿನಕ್ಸ್ ಸರಿಯಿಲ್ಲ ಎಂದು ಆಗ ಕೆಲವರು ಹೇಳಿದರು. ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ತಪ್ಪು ಇದ್ದದ್ದು ನಾವು ಬರೆದ ಹೊತ್ತಿನಲ್ಲಿ.

ಇದಕ್ಕೆ ಎರಡು ಉಪಾಯಗಳಿವೆ. ಮೊದಲನೆಯದು, ಯಂತ್ರ ಖಂಡಿತವಾಗಿ ಚಾಲೂ ಇರುವ ಹೊತ್ತನ್ನು ಆರಿಸುವುದು. ಸಂಜೆಯ ಹಾಲು ಮುಗಿದು, ಲೆಕ್ಕ ಕೂಡಿಸಿ, ಬೀಗ ಹಾಕುವ ಮುನ್ನಿನ ಹೊತ್ತು ಒಳ್ಳೆಯದು. ಎರಡನೆಯದು, ‘ಅನಾಕ್ರಾನ್’ ಎಂಬ ಇನ್ನೊಬ್ಬ ಜವಾನನನ್ನು ನೇಮಿಸುವುದು. ಇವನು ಗಂಟೆ ನಿಮಿಷ ನೋಡುವುದಿಲ್ಲ. ‘ಈ ಕೆಲಸ ಮಾಡಿ ಎಷ್ಟು ದಿನವಾಯಿತು?’ ಎಂದು ನೋಡುತ್ತಾನೆ. ದಿನಕ್ಕೊಮ್ಮೆ ಎಂದು ಬರೆದಿದ್ದು, ನಿನ್ನೆ ಯಂತ್ರ ಆರಿದ್ದರಿಂದ ಕೆಲಸ ತಪ್ಪಿದ್ದರೆ, ಇಂದು ಯಂತ್ರ ಹಚ್ಚಿದ ಮೇಲೆ ನಾವು ಹೇಳಿದಷ್ಟು ನಿಮಿಷ ಬಿಟ್ಟು ಮಾಡಿ ಮುಗಿಸುತ್ತಾನೆ. ಹೊಸ ಲಿನಕ್ಸ್‌ಗಳಲ್ಲಿ ‘ಸಿಸ್ಟಮ್‌ಡಿ ಟೈಮರ್’ ಎಂಬ ಏರ್ಪಾಡು ಇದೆ. ತಪ್ಪಿದ ಕೆಲಸವನ್ನು ಯಂತ್ರ ಹಚ್ಚಿದ ಮೇಲೆ ಮಾಡುವಂತೆ ಅದಕ್ಕೂ ಹೇಳಿಡಬಹುದು. ಹೇಳಿಡದಿದ್ದರೆ ಮಾಡುವುದಿಲ್ಲ ಎಂಬುದು ನೆನಪಿರಲಿ.

ಅನಾಕ್ರಾನ್‌ಗೆ 21 ದಿನ ಎಂದು ಬರೆದರೆ ಅವನು ನಿಜವಾಗಿಯೂ 21 ದಿನ ಎಣಿಸುತ್ತಾನೆ. ಆದರೂ ಆಕಳ ವಿಷಯದಲ್ಲಿ ಅದು ಉಪಯೋಗವಿಲ್ಲ. ಅವನು ಎಣಿಸುವುದು ತಾನು ಹಿಂದಿನ ಸಲ ಕೆಲಸ ಮಾಡಿದ ದಿನದಿಂದ, ನಿಮ್ಮ ಆಕಳಿಗೆ ಗರ್ಭಧಾರಣೆ ಆದ ದಿನದಿಂದಲ್ಲ.

ಆಗಲಿಲ್ಲ ಎಂದು ಯಾರು ಹೇಳುತ್ತಾರೆ?

ಇದು ಎಲ್ಲಕ್ಕಿಂತ ಮುಖ್ಯವಾದ ಮಾತು. ಆಕಳಿಗೆ ಹೊಟ್ಟೆಯುಬ್ಬರವಾದರೆ ಮೇವು ಬಿಡುತ್ತದೆ, ಒದ್ದಾಡುತ್ತದೆ, ನಿಮಗೆ ತಿಳಿಯುತ್ತದೆ. ಯಂತ್ರದಲ್ಲಿ ಕೆಲಸ ತಪ್ಪಿದರೆ ಅದು ಒದ್ದಾಡುವುದಿಲ್ಲ. ಕ್ರಾನ್ ತಪ್ಪಿನ ಸುದ್ದಿಯನ್ನು ಯಂತ್ರದ ಒಳಗಿನ ಒಂದು ಅಂಚೆಪೆಟ್ಟಿಗೆಗೆ ಹಾಕಲು ನೋಡುತ್ತದೆ. ಎಷ್ಟೋ ಯಂತ್ರಗಳಲ್ಲಿ ಆ ಪೆಟ್ಟಿಗೆಯ ಏರ್ಪಾಡೇ ಇರುವುದಿಲ್ಲ, ಇದ್ದರೂ ತೆರೆಯುವವರಿಲ್ಲ. ಇದು ಬಾಹ್ಯ ಲಕ್ಷಣವಿಲ್ಲದ ಕೆಚ್ಚಲು ಬಾವಿನಂತೆ. ಹಾಲು ನೋಡಲು ಸರಿಯಾಗಿಯೇ ಇರುತ್ತದೆ, ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ಆದ್ದರಿಂದ ಕೆಳಗಿನ ಕ್ರಮಗಳನ್ನು ಪಾಲಿಸಬೇಕು:

1. ನಕಲು ಆದ ಕೂಡಲೇ ದಿನಾಂಕ, ಸಮಯ, ಕಡತದ ಗಾತ್ರ ಒಂದು ಸಾಲಾಗಿ ದಾಖಲೆಯ ಕಡತಕ್ಕೆ ಸೇರುವಂತೆ ಮಾಡಿಸಿರಿ. ನಿನ್ನೆಯ ಸಾಲು ಇಲ್ಲದಿದ್ದರೆ ನಕಲು ಆಗಿಲ್ಲ. ಗಾತ್ರ ಸೊನ್ನೆ ಇದ್ದರೂ ಆಗಿಲ್ಲ.

2. ಪ್ರತಿದಿನ ಒಂದೇ ಹೆಸರಿನಲ್ಲಿ ನಕಲು ಮಾಡಬೇಡಿ. ಇಂದಿನ ಕೆಟ್ಟ ಕಡತ ನಿನ್ನೆಯ ಒಳ್ಳೆಯ ನಕಲನ್ನು ಅಳಿಸಿಬಿಡುತ್ತದೆ. ವಾರದ ಏಳು ದಿನಕ್ಕೆ ಏಳು ಹೆಸರು, ತಿಂಗಳಿಗೊಂದು ಹೆಸರು ಇರಲಿ.

3. ಪೆನ್‌ಡ್ರೈವ್ ಸದಾ ಯಂತ್ರಕ್ಕೇ ಸಿಕ್ಕಿಸಿದ್ದರೆ ಯಂತ್ರಕ್ಕೆ ಬಂದ ಆಪತ್ತು ಅದಕ್ಕೂ ಬರುತ್ತದೆ. ಎರಡು ಪೆನ್‌ಡ್ರೈವ್ ಇಟ್ಟು ವಾರಕ್ಕೊಂದನ್ನು ಬದಲಿಸಿರಿ. ಒಂದು ಯಾವಾಗಲೂ ಸಂಘದ ಕಟ್ಟಡದ ಹೊರಗೆ, ಆಡಳಿತ ಮಂಡಳಿ ಒಪ್ಪಿದವರ ಮನೆಯಲ್ಲಿ ಇರಲಿ.

4. ತಿಂಗಳಿಗೊಮ್ಮೆ ಆ ನಕಲನ್ನು ಬೇರೆ ಯಂತ್ರದಲ್ಲಿ ತೆರೆದು, ಯಾರಾದರೂ ಇಬ್ಬರು ಸದಸ್ಯರ ಒಂದು ದಿನದ ಲೆಕ್ಕವನ್ನು ಅವರ ಚೀಟಿಗೆ ಹೊಂದಿಸಿ ನೋಡಿರಿ. ತೆರೆದು ನೋಡದ ನಕಲನ್ನು ನಕಲು ಎಂದು ನಂಬಬೇಡಿ.

5. ಬೆಳಗಿನ ರಾಸುಗಳ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಿರಿ. ಆ ದಿನ ಯಾವ ರಾಸೂ ಇಲ್ಲದಿದ್ದರೆ ‘ಇಂದು ಯಾವುದೂ ಇಲ್ಲ’ ಎಂದು ಅಚ್ಚಾಗಲಿ. ಖಾಲಿ ಫಲಕ ಕಂಡರೆ ಯಂತ್ರ ತಪ್ಪಿದೆ ಎಂದು ಎಲ್ಲರಿಗೂ ತಿಳಿಯುತ್ತದೆ.

ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ಯಂತ್ರ ತಿಳಿಯದು ಎಂದು ಸುಮ್ಮನಿರಬೇಡಿ. ಸಂಘದ ಸಭೆಯಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಸೌಜನ್ಯದಿಂದ ಕೇಳಿರಿ. ನಕಲು ಯಾವ ಹೊತ್ತಿಗೆ ಆಗುತ್ತದೆ, ಆ ಹೊತ್ತಿಗೆ ಯಂತ್ರ ಚಾಲೂ ಇರುತ್ತದೆಯೇ? ಕೊನೆಯ ನಕಲು ಯಾವ ತಾರೀಖಿನದು, ತೋರಿಸುವಿರಾ? ಆ ನಕಲು ಈಗ ಎಲ್ಲಿದೆ? ಯಂತ್ರಕ್ಕೆ ಒಪ್ಪಿಸಿದ ಕೆಲಸಗಳ ಪಟ್ಟಿ ಕಾಗದದ ಮೇಲೆ ಇದೆಯೇ, ಇಲ್ಲ ಒಬ್ಬರ ತಲೆಯಲ್ಲಿ ಮಾತ್ರ ಇದೆಯೇ? ಏರ್ಪಾಡು ಮಾಡಿದ ಹುಡುಗ ನಾಳೆ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಬಹುದು. ಪಟ್ಟಿ ಸಂಘದಲ್ಲಿ ಉಳಿಯಬೇಕು.

ಹಣ ನಿಮ್ಮ ಖಾತೆಗೆ ಬಂದು ಲೆಕ್ಕ ಸರಿ ಎಂದು ನೋಡುವವರೆಗೆ ಹಾಲಿನ ಚೀಟಿಗಳನ್ನು ಎಸೆಯಬೇಡಿ.

ಮೊದಲು ಹೇಳಿದ ಸಂಘದಲ್ಲಿ ಈಗ ಸಂಜೆ 7 ಗಂಟೆ 45 ನಿಮಿಷಕ್ಕೆ ನಕಲು ಆಗುತ್ತದೆ. ಕಾರ್ಯದರ್ಶಿಯವರು ದಾಖಲೆಯ ಕೊನೆಯ ಸಾಲನ್ನು ಓದಿ, ರಿಜಿಸ್ಟರಿನಲ್ಲಿ ಸಹಿ ಮಾಡಿ, ಅನಂತರವೇ ಯಂತ್ರ ಆರಿಸುತ್ತಾರೆ. ಅದಕ್ಕೆ ಒಂದು ನಿಮಿಷ ಸಾಕು. ಆ ತಾಯಿಯ ಎಮ್ಮೆ ಆ ಮೇಲೆ ಗಬ್ಬ ನಿಂತು, ಹೆಣ್ಣು ಕರು ಹಾಕಿತು. ಅವರು ಈಗಲೂ ಯಂತ್ರವನ್ನು ಪೂರ್ತಿ ನಂಬುವುದಿಲ್ಲ. ಗರ್ಭಧಾರಣೆ ಮಾಡಿಸಿದ ದಿನ ಕೊಟ್ಟಿಗೆಯ ಗೋಡೆಗೆ ಇದ್ದಿಲಿನಿಂದ ತಾರೀಖು ಬರೆಸುತ್ತಾರೆ. ಅವರು ಮಾಡುವುದು ಸರಿಯಾಗಿಯೇ ಇದೆ. ಯಂತ್ರದಲ್ಲಿ ಒಂದು, ಗೋಡೆಯ ಮೇಲೆ ಒಂದು. ನೀವೂ ಮುಂದಿನ ಸಲ ಗರ್ಭಧಾರಣೆ ಮಾಡಿಸಿದಾಗ ರಾಸಿನ ಕಿವಿಯೋಲೆಯ ಸಂಖ್ಯೆ ಮತ್ತು ದಿನಾಂಕವನ್ನು ಅದೇ ದಿನ ಸಂಜೆ, ಹಾಲಿನ ಹೊತ್ತಿಗೆ, ಸಂಘದಲ್ಲಿ ಬರೆಸಿರಿ. ಮನೆಯ ಗೋಡೆಯ ಮೇಲೂ ಬರೆದಿಡಿ.